ಕೀಬೋರ್ಡ್ ನುಡಿಸಲು ಯಾವ ಹೆಡ್‌ಫೋನ್ ಒಳ್ಳೆಯದು? ಡಬ್ಬಿಯ ಮೇಲಿನ ಸಂಖ್ಯೆಗಳನ್ನು ನಂಬಬಹುದೇ?

ಕೀಬೋರ್ಡ್ ಸಿಂಥಸೈಜರ್ ಕೊಂಡ ಕೆಲವೇ ದಿನಗಳಲ್ಲಿ ಹೆಡ್‌ಫೋನ್ ಹುಡುಕಾಟ ಶುರುವಾಗುತ್ತದೆ. ರಾತ್ರಿ ಅಭ್ಯಾಸ ಮಾಡುವಾಗ ಮನೆಯವರ ನಿದ್ದೆ ಕೆಡಬಾರದು, ಮಕ್ಕಳು ಒಂದೇ ಪಾಠವನ್ನು ನೂರು ಸಲ ನುಡಿಸಿದರೂ ಪಕ್ಕದ ಮನೆಯವರಿಗೆ ತೊಂದರೆಯಾಗಬಾರದು. ಆದರೆ ಅಂಗಡಿಗೆ ಹೋದರೆ ಸಿಗುವುದು ಗೊಂದಲ. ಒಂದು ಡಬ್ಬಿಯ ಮೇಲೆ '5 ಹರ್ಟ್ಝ್‌ನಿಂದ 40,000 ಹರ್ಟ್ಝ್', ಇನ್ನೊಂದರ ಮೇಲೆ '250 ಓಮ್', ಮತ್ತೊಂದರ ಮೇಲೆ 'ಎಕ್ಸ್‌ಟ್ರಾ ಬಾಸ್'. ಮನೆಯಲ್ಲಿ ಈಗಾಗಲೇ ಒಂದು ಬ್ಲೂಟೂತ್ ಹೆಡ್‌ಫೋನ್ ಇದೆ, ಅದೇ ಸಾಲದೇ ಎಂಬ ಪ್ರಶ್ನೆ ಬೇರೆ.

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇವೆ. ಕೀಬೋರ್ಡ್‌ಗೆ ಬೇಕಾದದ್ದು ತಂತಿ ಇರುವ, ಇಡೀ ಕಿವಿಯನ್ನು ಸುತ್ತುವರಿಯುವ, 32ರಿಂದ 80 ಓಮ್‌ನೊಳಗಿನ, ಬಾಸ್ ಉಬ್ಬಿಸದ ಒಂದು ಸ್ಟೀರಿಯೋ ಹೆಡ್‌ಫೋನ್. ಅದಕ್ಕಿಂತ ಮುಖ್ಯ, ಅದನ್ನು ಕಿವಿಗೆ ಹಾನಿಯಾಗದಷ್ಟು ಸದ್ದಿನಲ್ಲಿ ಬಳಸುವುದು. ಏಕೆ ಹೀಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಹಾಡು ಕೇಳುವುದು ಬೇರೆ, ನುಡಿಸುವುದು ಬೇರೆ

ಹಾಡು ಕೇಳುವಾಗ ಹೆಡ್‌ಫೋನಿನ ಕೆಲಸ ನಮಗೆ ಖುಷಿ ಕೊಡುವುದು. ಆ ಹಾಡಿನ ಧ್ವನಿಯನ್ನು ಸ್ಟುಡಿಯೋದಲ್ಲಿ ಬೇರೆ ಯಾರೋ ಹದಮಾಡಿ ಕೊಟ್ಟಿರುತ್ತಾರೆ. ನುಡಿಸುವಾಗ ಹಾಗಲ್ಲ. ಬೆರಳು ಎಷ್ಟು ಒತ್ತಿತು, ಯಾವ ಸ್ವರ ಜೋರಾಯಿತು, ಟೋನ್‌ನಲ್ಲಿ ಬಾಸ್ ಹೆಚ್ಚಿದೆಯೇ ಎಂಬುದನ್ನೆಲ್ಲ ಹೆಡ್‌ಫೋನ್ ನೋಡಿಕೊಂಡೇ ನಾವು ತೀರ್ಮಾನಿಸುತ್ತೇವೆ. ಅದು ಸುಳ್ಳು ಹೇಳಿದರೆ ನಮ್ಮ ಕೈಯೂ ಸುಳ್ಳನ್ನೇ ಕಲಿಯುತ್ತದೆ. ಇದನ್ನೇ ಧ್ವನಿ ತಂತ್ರಜ್ಞರು 'ಮಾನಿಟರ್' ಮಾಡುವುದು ಎನ್ನುತ್ತಾರೆ.

ಸಿಂಥಸೈಜರ್‌ನ ಧ್ವನಿ ಉಳಿದ ವಾದ್ಯಗಳಿಗಿಂತ ಹೆಚ್ಚು ವಿಸ್ತಾರವಾದದ್ದು. 88 ಕೀಗಳ ಕೀಬೋರ್ಡ್‌ನ ಅತಿ ಕೆಳಗಿನ ಸ್ವರದ ಆವೃತ್ತಿ 27.5 ಹರ್ಟ್ಝ್, ಅತಿ ಮೇಲಿನದು ಸುಮಾರು 4,186 ಹರ್ಟ್ಝ್. ಸಾಮಾನ್ಯ 61 ಕೀಗಳ ಕೀಬೋರ್ಡ್ ಆದರೆ ಸುಮಾರು 65ರಿಂದ 2,093 ಹರ್ಟ್ಝ್. ಇದು ಮೂಲ ಸ್ವರಗಳ ಲೆಕ್ಕ ಮಾತ್ರ. ಪ್ರತಿ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಮೇಲ್ಸ್ವರಗಳೂ ಹುಟ್ಟುತ್ತವೆ. ಒಂದೇ ಸ್ವರ ಕೊಳಲಿನಲ್ಲಿ ಒಂದು ಬಗೆ, ಪಿಟೀಲಿನಲ್ಲಿ ಇನ್ನೊಂದು ಬಗೆ ಕೇಳುವುದಕ್ಕೆ ಈ ಮೇಲ್ಸ್ವರಗಳ ಪ್ರಮಾಣವೇ ದೊಡ್ಡ ಕಾರಣ. ಸಿಂಥಸೈಜರ್‌ನ ಫಿಲ್ಟರ್ ತಿರುಗಿಸಿದಾಗ ಧ್ವನಿ ಮಂಕಾಗುವುದು, ಹರಿತವಾಗುವುದು ಕೂಡ ಇವುಗಳ ಆಟವೇ. ಹೀಗಾಗಿ ಕೆಳಗಿನ ಗುಡುಗಿನಿಂದ ಮೇಲಿನ ಮಿಂಚಿನವರೆಗೆ ಎಲ್ಲವನ್ನೂ ಹದವಾಗಿ ಕೇಳಿಸುವ ಹೆಡ್‌ಫೋನ್ ಬೇಕು.

ತಪ್ಪು ತಿಳಿವಳಿಕೆ 1: ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಸಾಕು

ಸಾಕಾಗುವುದಿಲ್ಲ. ಕಾರಣ ಧ್ವನಿಯ ಗುಣಮಟ್ಟಕ್ಕಿಂತ ಹೆಚ್ಚಾಗಿ ತಡ.

ಬ್ಲೂಟೂತ್‌ನಲ್ಲಿ ಧ್ವನಿಯನ್ನು ಮೊದಲು ಅಂಕಿಗಳಾಗಿ ಕುಗ್ಗಿಸಿ, ಪೊಟ್ಟಣ ಕಟ್ಟಿ ಕಳಿಸಬೇಕು. ಆ ಕಡೆ ಪೊಟ್ಟಣಗಳನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು, ಬಿಚ್ಚಿ, ಮತ್ತೆ ಧ್ವನಿಯಾಗಿಸಬೇಕು. ಇದಕ್ಕೆಲ್ಲ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ಹಿಡಿಯುತ್ತದೆ. 200 ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಐದನೇ ಒಂದು ಭಾಗ ತಾನೇ ಎನ್ನಬಹುದು. ಆದರೆ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಅಂದರೆ 200 ಮಿಲಿಸೆಕೆಂಡ್ ತಡದಲ್ಲಿ ನುಡಿಸುವುದು, ಸ್ಪೀಕರನ್ನು ಸುಮಾರು 70 ಮೀಟರ್ ದೂರದಲ್ಲಿಟ್ಟು ನುಡಿಸಿದಂತೆ! ನಿಮಿಷಕ್ಕೆ 120 ಬೀಟ್‌ಗಳ ವೇಗದಲ್ಲಿ ಒಂದು ಬೀಟ್‌ಗೆ 500 ಮಿಲಿಸೆಕೆಂಡ್, ಅದರ ಕಾಲು ಭಾಗಕ್ಕೆ 125 ಮಿಲಿಸೆಕೆಂಡ್. ನೀವು ಒತ್ತಿದ ಸ್ವರ ಕೇಳಿಸುವ ಹೊತ್ತಿಗೆ ಬೆರಳು ಮುಂದಿನ ಸ್ವರದ ಮೇಲಿರುತ್ತದೆ.

'ಅದೇ ಹೆಡ್‌ಫೋನಿನಲ್ಲಿ ಸಿನಿಮಾ ನೋಡುವಾಗ ತುಟಿ ಮತ್ತು ಮಾತು ಸರಿಯಾಗಿಯೇ ಹೊಂದುತ್ತವಲ್ಲ?' ಎಂದು ನೀವು ಕೇಳಬಹುದು. ಅಲ್ಲಿ ಫೋನ್ ಒಂದು ಉಪಾಯ ಮಾಡುತ್ತದೆ. ಧ್ವನಿ ಎಷ್ಟು ತಡವಾಗುತ್ತದೋ ಚಿತ್ರವನ್ನೂ ಅಷ್ಟೇ ತಡವಾಗಿ ತೋರಿಸುತ್ತದೆ. ನಿಮ್ಮ ಬೆರಳನ್ನು ತಡಮಾಡಿಸಲು ಅದಕ್ಕೆ ಸಾಧ್ಯವಿಲ್ಲ.

ಸುಮಾರು 10 ಮಿಲಿಸೆಕೆಂಡ್‌ವರೆಗಿನ ತಡವನ್ನು ಬಹುತೇಕ ವಾದಕರು ಸಹಿಸಬಲ್ಲರು. ವೇದಿಕೆಯಲ್ಲಿ ಮೂರು, ಮೂರೂವರೆ ಮೀಟರ್ ದೂರದಲ್ಲಿರುವ ಸ್ಪೀಕರಿನ ಶಬ್ದ ಕಿವಿಗೆ ತಲುಪಲು ಅಷ್ಟೇ ಹೊತ್ತು ಬೇಕು. ತಡ ಅದನ್ನು ಮೀರಿ ಹೆಚ್ಚಿದಂತೆ ಕೈ ಎಳೆದಂತಾಗುತ್ತದೆ. ಕಲಿಯುವ ಮಕ್ಕಳಿಗೆ ಇದು ಇನ್ನೂ ಅಪಾಯ. ತಪ್ಪು ಯಂತ್ರದ್ದು ಎಂದು ಗೊತ್ತಾಗದೆ ತಮಗೇ ತಾಳಜ್ಞಾನವಿಲ್ಲ ಎಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಕೀಬೋರ್ಡ್‌ನ ವಿವರದಲ್ಲಿ 'ಬ್ಲೂಟೂತ್ ಆಡಿಯೋ' ಎಂದಿದ್ದರೆ ಅದು ಬಹಳಷ್ಟು ಸಲ ಒಳಬರುವ ದಾರಿ. ಫೋನಿನ ಹಾಡನ್ನು ಕೀಬೋರ್ಡ್‌ನ ಸ್ಪೀಕರಿನಲ್ಲಿ ಕೇಳಲು ಮಾಡಿದ ವ್ಯವಸ್ಥೆ ಅದು, ಹೆಡ್‌ಫೋನಿಗೆ ಧ್ವನಿ ಕಳಿಸಲು ಅಲ್ಲ. ಮನೆಯ ಬ್ಲೂಟೂತ್ ಹೆಡ್‌ಫೋನಿಗೆ ತಂತಿ ಚುಚ್ಚುವ ಕಿಂಡಿ ಇದ್ದರೆ ತಂತಿ ಹಾಕಿ ಬಳಸಿ ನೋಡಿ. ಅಲ್ಲಿಗೆ ಬ್ಲೂಟೂತ್ ತಡ ಇರುವುದಿಲ್ಲ.

ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ, ಅಲ್ಲಿನ ಸಾಫ್ಟ್‌ವೇರ್ ಧ್ವನಿ ನುಡಿಸುವವರು ತಂತಿಯ ಹೆಡ್‌ಫೋನ್ ಹಾಕಿದರೂ ತಡ ಅನುಭವಿಸಬಹುದು. ಅದು ಹೆಡ್‌ಫೋನಿನ ದೋಷವಲ್ಲ. ಸಾಫ್ಟ್‌ವೇರಿನ 'ಬಫರ್' 1024 ಸ್ಯಾಂಪಲ್ ಇದ್ದರೆ, 48,000 ಹರ್ಟ್ಝ್ ದರದಲ್ಲಿ ಅದೊಂದೇ 21 ಮಿಲಿಸೆಕೆಂಡ್ ತಡ ತರುತ್ತದೆ. 256ಕ್ಕೆ ಇಳಿಸಿದರೆ ಸುಮಾರು 5 ಮಿಲಿಸೆಕೆಂಡ್.

ತಪ್ಪು ತಿಳಿವಳಿಕೆ 2: ಹರ್ಟ್ಝ್ ಸಂಖ್ಯೆ ದೊಡ್ಡದಿದ್ದಷ್ಟೂ ಧ್ವನಿ ಚೆನ್ನ

ಆರೋಗ್ಯವಂತ ಯುವಕರ ಕಿವಿ ಕೇಳುವುದು ಸುಮಾರು 20ರಿಂದ 20,000 ಹರ್ಟ್ಝ್. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. ಹಾಗಿರುವಾಗ 40,000 ಹರ್ಟ್ಝ್ ಎಂದು ಬರೆದಿದ್ದರೆ ನುಡಿಸುವವರಿಗೆ ಏನೂ ಲಾಭವಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಆ ಸಂಖ್ಯೆಗಳು ಎರಡು ತುದಿಗಳನ್ನು ಮಾತ್ರ ಹೇಳುತ್ತವೆ, ನಡುವಿನ ದಾರಿಯನ್ನು ಹೇಳುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆ ಇದೆ ಎಂದರೆ ಘಾಟಿಯಲ್ಲಿ ಎಷ್ಟು ಗುಂಡಿಗಳಿವೆ ಎಂದು ಗೊತ್ತಾಗುವುದಿಲ್ಲವಲ್ಲ, ಹಾಗೆ. 200 ಹರ್ಟ್ಝ್‌ನಲ್ಲಿ ಉಬ್ಬು, 3,000 ಹರ್ಟ್ಝ್‌ನಲ್ಲಿ ತಗ್ಗು, 9,000 ಹರ್ಟ್ಝ್‌ನಲ್ಲಿ ಮತ್ತೆ ಉಬ್ಬು ಇರುವ ಹೆಡ್‌ಫೋನಿನ ಡಬ್ಬಿಯ ಮೇಲೂ ಅದೇ '20ರಿಂದ 20,000' ಎಂದು ಬರೆಯಬಹುದು.

ಉಬ್ಬುತಗ್ಗು ಇದ್ದರೆ ಏನಾಗುತ್ತದೆ? ಒಂದೇ ಒತ್ತಡದಲ್ಲಿ ನುಡಿಸಿದರೂ ಕೆಲವು ಸ್ವರಗಳು ಎದ್ದು ಕೇಳುತ್ತವೆ, ಕೆಲವು ಅಡಗುತ್ತವೆ. ಮೇಲಿನ ಆವೃತ್ತಿಯಲ್ಲಿ ಉಬ್ಬಿದ್ದರೆ ಧ್ವನಿ ಚುಚ್ಚಿದಂತೆ ಅನ್ನಿಸಿ ಫಿಲ್ಟರನ್ನು ಮುಚ್ಚುತ್ತಾ ಹೋಗುತ್ತೀರಿ. ಆಮೇಲೆ ಸ್ಪೀಕರಿನಲ್ಲಿ ಕೇಳಿದರೆ ಟೋನ್ ಮಂಕು.

ತಪ್ಪು ತಿಳಿವಳಿಕೆ 3: ಬಾಸ್ ಜೋರಿದ್ದರೆ ಒಳ್ಳೆಯ ಹೆಡ್‌ಫೋನ್

ಬಾಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಟೋನ್ ತಯಾರಿಸಿದರೆ, ಅದರಲ್ಲಿ ಈಗಾಗಲೇ ಸಾಕಷ್ಟು ಬಾಸ್ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಕಾರ್ಯಕ್ರಮದ ದಿನ ದೊಡ್ಡ ಸ್ಪೀಕರಿನಲ್ಲಿ ಅದೇ ಟೋನ್ ಬಡಕಲಾಗಿ ಕೇಳಿಸುತ್ತದೆ. ಬಾಸ್ ಇಲ್ಲದ ಹೆಡ್‌ಫೋನಿನಲ್ಲಿ ಉಲ್ಟಾ ಆಗುತ್ತದೆ: ನೀವು ಬಾಸ್ ಏರಿಸುತ್ತೀರಿ, ಸಭಾಂಗಣದಲ್ಲಿ ಎಲ್ಲವೂ ಗುಂಯ್‌ಗುಡುತ್ತದೆ.

ಇಲ್ಲಿ ನಮ್ಮ ಮಿದುಳಿನದೂ ಒಂದು ಚಮತ್ಕಾರವಿದೆ. ಚಿಕ್ಕ ಇಯರ್‌ಫೋನ್ 27.5 ಹರ್ಟ್ಝ್ ಸ್ವರವನ್ನು ಸರಿಯಾಗಿ ಹೊರಡಿಸದಿದ್ದರೂ ಪಿಯಾನೋ ಟೋನ್‌ನಲ್ಲಿ ಆ ಸ್ವರ ನಮಗೆ ಕೇಳಿದಂತೆಯೇ ಆಗುತ್ತದೆ. 55, 82.5, 110 ಹರ್ಟ್ಝ್‌ನ ಮೇಲ್ಸ್ವರಗಳನ್ನು ಕೇಳಿ ಮಿದುಳು ಕಾಣೆಯಾದ ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಆದರೆ ಸಿಂಥಸೈಜರ್‌ನ ಶುದ್ಧ ಸೈನ್ ಅಲೆಯ ಬಾಸ್‌ಗೆ ಮೇಲ್ಸ್ವರಗಳೇ ಇಲ್ಲ. ಮಿದುಳಿಗೆ ಊಹಿಸಲು ಸುಳಿವೇ ಸಿಗದೆ ಅಂಥ ಬಾಸ್ ಚಿಕ್ಕ ಇಯರ್‌ಫೋನಿನಲ್ಲಿ ಮಾಯವಾಗುತ್ತದೆ.

ಸದ್ದಿನ ಮಟ್ಟವೂ ಬಾಸ್ ಬಗ್ಗೆ ದಾರಿ ತಪ್ಪಿಸಬಲ್ಲದು. ಸದ್ದು ಕಡಿಮೆಯಿದ್ದಾಗ ಕಿವಿ ಬಾಸನ್ನು ಇನ್ನೂ ಕಡಿಮೆ ಗ್ರಹಿಸುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ರಾತ್ರಿ ಮೆಲ್ಲಗೆ ನುಡಿಸುವಾಗ 'ಬಾಸ್ ಸಾಲದು' ಅನ್ನಿಸಿದರೆ ಟೋನ್ ಬದಲಿಸಬೇಡಿ, ಹಗಲು ಹದವಾದ ಸದ್ದಿನಲ್ಲಿ ಮತ್ತೊಮ್ಮೆ ಕೇಳಿ ನಿರ್ಧರಿಸಿ.

ಮುಚ್ಚಿದ ಹಿಂಬದಿಯೋ, ತೆರೆದ ಹಿಂಬದಿಯೋ?

ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಮುಚ್ಚಿದ ಬಗೆಯಲ್ಲಿ ಕಿವಿಬಟ್ಟಲಿನ ಹಿಂಬದಿ ಗಟ್ಟಿಯಾಗಿರುತ್ತದೆ. ಹೊರಗಿನ ಗದ್ದಲ ಒಳಗೆ ಕಡಿಮೆ ಬರುತ್ತದೆ, ಒಳಗಿನ ಧ್ವನಿ ಹೊರಗೆ ಕಡಿಮೆ ಸೋರುತ್ತದೆ. ಸೋನಿಯ ಎಂಡಿಆರ್-7506 (1991ರಿಂದ ಬಳಕೆಯಲ್ಲಿದೆ), ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ40ಎಕ್ಸ್, ಸೆನ್‌ಹೈಸರ್‌ನ ಎಚ್‌ಡಿ 280 ಪ್ರೊ, ಬೈಯರ್‌ಡೈನಾಮಿಕ್‌ನ ಡಿಟಿ 770 ಪ್ರೊ ಈ ಗುಂಪಿನವು. ತೆರೆದ ಬಗೆಯಲ್ಲಿ ಹಿಂಬದಿಗೆ ಜಾಲರಿ ಇರುತ್ತದೆ. ಧ್ವನಿ ತಲೆಯೊಳಗೆ ಒತ್ತಿದಂತಾಗದೆ ಹರಡಿಕೊಂಡಂತೆ ಕೇಳುತ್ತದೆ, ಕಿವಿ ಕಡಿಮೆ ಬೆವರುತ್ತದೆ. ಸೆನ್‌ಹೈಸರ್ ಎಚ್‌ಡಿ 600 ಇದಕ್ಕೆ ಹೆಸರಾಂತ ಉದಾಹರಣೆ. ಎಕೆಜಿ ಕೆ240 ಸ್ಟುಡಿಯೋದಂಥ ಅರೆ ತೆರೆದ ಬಗೆಗಳೂ ಇವೆ. ಈ ಹೆಸರುಗಳನ್ನು ಬಗೆ ತಿಳಿಯಲು ಕೊಟ್ಟಿದ್ದೇವೆ, ಇವನ್ನೇ ಕೊಳ್ಳಬೇಕೆಂದಲ್ಲ.

ಹಾಗಾದರೆ ನಿಮಗೆ ಯಾವುದು? ನಿಮ್ಮ ಕೋಣೆಯನ್ನು ಕೇಳಿ. ಪಕ್ಕದಲ್ಲೇ ಟಿವಿ, ಮಿಕ್ಸಿ, ರಸ್ತೆಯ ಹಾರ್ನ್ ಇರುವ ಮನೆಯಲ್ಲಿ ತೆರೆದ ಹೆಡ್‌ಫೋನ್ ಹಾಕಿದರೆ ಗದ್ದಲ ಮೀರಿಸಲು ಸದ್ದು ಏರಿಸುತ್ತಲೇ ಹೋಗುತ್ತೀರಿ. ಅಂಥಲ್ಲಿ ಮುಚ್ಚಿದ ಬಗೆಯೇ ಕಿವಿಗೆ ಸುರಕ್ಷಿತ. ವಾದ್ಯಗೋಷ್ಠಿ, ಚರ್ಚ್, ಮೈಕ್ ಎದುರಿನ ರೆಕಾರ್ಡಿಂಗ್‌ಗೂ ಅದೇ ಸರಿ. ಕೋಣೆ ನಿಶ್ಶಬ್ದವಾಗಿದ್ದು, ಗಂಟೆಗಟ್ಟಲೆ ಒಬ್ಬರೇ ಕೂತು ಟೋನ್ ತಯಾರಿಸುವುದಾದರೆ ತೆರೆದ ಬಗೆ ಹಿತ. ಒಂದೇ ಹೆಡ್‌ಫೋನ್ ಕೊಳ್ಳುವವರಿಗೆ ನಾವು ಹೇಳುವುದು ಮುಚ್ಚಿದ ಬಗೆಯನ್ನೇ.

ಅಂದಹಾಗೆ, ಹೆಡ್‌ಫೋನ್ ಹಾಕಿದರೆ ಕೆಳಗಿನ ಮನೆಯವರಿಗೆ ಏನೂ ಕೇಳಿಸುವುದಿಲ್ಲ ಎಂದುಕೊಳ್ಳಬೇಡಿ. ಕೀಗಳ ಟಕ್ ಟಕ್ ಮತ್ತು ಪೆಡಲಿನ ಹೊಡೆತ ಸ್ಟ್ಯಾಂಡಿನ ಮೂಲಕ ನೆಲಕ್ಕಿಳಿದು ಕೆಳಮನೆಯ ತಾರಸಿಯಲ್ಲಿ ಕೇಳುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಚಾಪೆ ಹಾಕಿದರೆ ಇದು ಕಡಿಮೆಯಾಗುತ್ತದೆ.

ತಪ್ಪು ತಿಳಿವಳಿಕೆ 4: ಓಮ್ ಹೆಚ್ಚಿದ್ದರೆ ವೃತ್ತಿಪರರದ್ದು, ಆದ್ದರಿಂದ ಉತ್ತಮ

ಓಮ್ ಎಂಬುದು ಇಂಪೆಡೆನ್ಸ್‌ನ ಅಳತೆ, ಅಂದರೆ ಹೆಡ್‌ಫೋನ್ ವಿದ್ಯುತ್ ಸಂಕೇತಕ್ಕೆ ಒಡ್ಡುವ ತಡೆ. ಗುಣಮಟ್ಟದ ಅಂಕ ಅಲ್ಲ. ಡಿಟಿ 770 ಪ್ರೊ ಒಂದೇ ಮಾದರಿ 32, 80, 250 ಓಮ್ ಹೀಗೆ ಬೇರೆ ಬೇರೆ ರೂಪದಲ್ಲಿ ಬಂದಿದೆ. ಕೀಬೋರ್ಡ್ ಒಂದೇ ವೋಲ್ಟೇಜ್ ಕೊಡುತ್ತದೆ ಎಂದಿಟ್ಟುಕೊಂಡರೆ 32 ಓಮ್‌ಗೆ ಸಿಗುವ ಶಕ್ತಿಯ ಎಂಟನೇ ಒಂದು ಭಾಗ ಮಾತ್ರ 250 ಓಮ್‌ಗೆ ಸಿಗುತ್ತದೆ. ಸೆನ್ಸಿಟಿವಿಟಿ ಒಂದೇ ಇದ್ದರೆ ಸದ್ದು ಸುಮಾರು 9 ಡೆಸಿಬೆಲ್ ಕಡಿಮೆ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದೆ ನೇರವಾಗಿ ಕೀಬೋರ್ಡ್‌ಗೆ ಚುಚ್ಚುವವರಿಗೆ 32ರಿಂದ 80 ಓಮ್ ಸಾಕು.

ಬೆಲೆ, ಬಂಗಾರ ಮತ್ತು 'ಪಳಗಿಸುವುದು'

ಬೆಲೆ ಹೆಚ್ಚಿದ್ದರೆ ಧ್ವನಿ ಸತ್ಯವಾಗಿರುತ್ತದೆಯೇ? 2017ರಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯೊಂದಿಗೆ ಹೋಲಿಸಿದರು. ಬೆಲೆಗೂ ಆವೃತ್ತಿ ಪ್ರತಿಕ್ರಿಯೆಗೂ ಸಂಬಂಧ ಕಾಣಲಿಲ್ಲ. ಹೆಚ್ಚು ಹಣಕ್ಕೆ ಗಟ್ಟಿ ಕಟ್ಟುಮಸ್ತು, ಮೆತ್ತನೆಯ ದಿಂಬು, ಬಿಡಿಭಾಗ ಸಿಗಬಹುದು. ಅವೂ ಮುಖ್ಯವೇ, ಆದರೆ ಅವು ಧ್ವನಿಯಲ್ಲ.

ಪ್ಲಗ್‌ಗೆ ಬಂಗಾರದ ಲೇಪನ ಇದ್ದರೆ ತುಕ್ಕು, ಕಿಲುಬು ಹಿಡಿಯುವುದಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ಅದು ಉಪಯೋಗವೇ. ಆದರೆ ಅದರಿಂದ ಧ್ವನಿ ಇಂಪಾಗುವುದಿಲ್ಲ. 'ನೂರು ಗಂಟೆ ಹಾಡು ಹಾಕಿಟ್ಟು ಪಳಗಿಸಿದರೆ ಸುಧಾರಿಸುತ್ತದೆ' ಎಂಬ ಮಾತೂ ಇದೆ. ಅಳತೆಯಲ್ಲಿ ಕಾಣುವ ಬದಲಾವಣೆ ಅತ್ಯಲ್ಪ. ಹೆಚ್ಚಾಗಿ ಪಳಗುವುದು ದಿಂಬು ಮತ್ತು ನಮ್ಮ ಕಿವಿ. ಅಂಗಡಿಯಲ್ಲಿ ಹಿಡಿಸದ್ದನ್ನು 'ಪಳಗುತ್ತದೆ' ಎಂದು ನಂಬಿ ತರಬೇಡಿ.

ಪ್ಲಗ್ ಚಿಕ್ಕದು, ತೊಂದರೆ ದೊಡ್ಡದು

ಹಲವು ಕೀಬೋರ್ಡ್‌ಗಳಲ್ಲಿರುವುದು 6.35 ಮಿಲಿಮೀಟರ್‌ನ ದೊಡ್ಡ ಕಿಂಡಿ. ಹೆಡ್‌ಫೋನ್‌ಗಳ ಪ್ಲಗ್ ಬಹುತೇಕ 3.5 ಮಿಲಿಮೀಟರ್. ನಡುವೆ ಅಡಾಪ್ಟರ್ ಬೇಕು. ಅದು ಸ್ಟೀರಿಯೋ ಅಡಾಪ್ಟರ್ ಆಗಿರಲಿ: ಪ್ಲಗ್‌ನ ಮೇಲೆ ಎರಡು ಕಪ್ಪು ಉಂಗುರ ಇರಬೇಕು. ಒಂದೇ ಉಂಗುರ ಇರುವುದು ಮೋನೋ, ಅದರಿಂದ ಒಂದೇ ಕಿವಿಗೆ ಕೇಳಿಸಬಹುದು. ಮೈಕ್ ಇರುವ ಫೋನಿನ ಇಯರ್‌ಫೋನ್ ಪ್ಲಗ್‌ನಲ್ಲಿ ಮೂರು ಉಂಗುರಗಳಿರುತ್ತವೆ. ಕೆಲವು ಕಿಂಡಿಗಳಲ್ಲಿ ಅದು ಸರಿಯಾಗಿ ಕೂರದೆ ಧ್ವನಿ ಟೊಳ್ಳಾಗುತ್ತದೆ. ಕೀಬೋರ್ಡ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವ ಮೊದಲು ಇದನ್ನೊಮ್ಮೆ ನೋಡಿ.

ನಿಜವಾಗಿ ಪಣಕ್ಕಿರುವುದು ಕಿವಿ

ತಪ್ಪು ಹೆಡ್‌ಫೋನ್ ಕೊಂಡರೆ ಹಣ ಹೋದೀತು, ಬೇರೆ ಕೊಳ್ಳಬಹುದು. ಕಿವಿ ಹಾಗಲ್ಲ. ಪ್ರತಿ ಒಳಗಿವಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಸಂಕೇತವಾಗಿಸುವುದು ಇವೇ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸುರಕ್ಷಿತ ಮಿತಿ. ಮಕ್ಕಳಿಗೆ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ವಯಸ್ಕರಿಗೆ 83ಕ್ಕೆ ವಾರಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ. 95 ಡೆಸಿಬೆಲ್ ಆದರೆ ಇಡೀ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ದಿನಕ್ಕೆ ಒಂದು ಗಂಟೆ ಜೋರಾಗಿ ಅಭ್ಯಾಸ ಮಾಡುವವರು ಎರಡನೇ ದಿನವೇ ಆ ಮಿತಿ ದಾಟಿರುತ್ತಾರೆ.

ಫೋನಿನಲ್ಲಿ ಸದ್ದು ಏರಿಸಿದರೆ ಎಚ್ಚರಿಕೆ ಬರುವುದುಂಟು. ಸಾಮಾನ್ಯವಾಗಿ ಕೀಬೋರ್ಡ್‌ನಲ್ಲಿ ಅಂಥ ಕಾವಲು ಇರುವುದಿಲ್ಲ. ಜೊತೆಗೆ ಸಿಂಥಸೈಜರ್‌ನ ಸ್ವಭಾವವೇ ಹಠಾತ್ ಏರಿಳಿತದ್ದು. ಮೆಲ್ಲಗಿನ ಟೋನ್‌ನಿಂದ ಜೋರಿನ ಟೋನ್‌ಗೆ ಹಾರಿದಾಗ ಅಥವಾ ಫಿಲ್ಟರಿನ ರೆಸೊನೆನ್ಸ್ ಪೂರ್ತಿ ಏರಿಸಿದಾಗ ಕಿರುಚುವಂಥ ಸದ್ದು ನೇರ ಕಿವಿಯೊಳಗೆ ನುಗ್ಗುತ್ತದೆ. ಆದ್ದರಿಂದ ಈ ಅಭ್ಯಾಸಗಳನ್ನು ಮಾಡಿಕೊಳ್ಳಿ:

- ಸದ್ದನ್ನು ಸೊನ್ನೆಗೆ ಇಳಿಸಿ, ಪ್ಲಗ್ ಚುಚ್ಚಿ, ಆಮೇಲೆ ಹೆಡ್‌ಫೋನ್ ಹಾಕಿ, ನಿಧಾನವಾಗಿ ಏರಿಸಿ.
- ಮನೆ ನಿಶ್ಶಬ್ದವಾಗಿರುವಾಗ ಹಿತವೆನಿಸುವ ಮಟ್ಟ ಕಂಡುಕೊಂಡು ವಾಲ್ಯೂಮ್ ಗುಂಡಿಯ ಪಕ್ಕ ಸ್ಟಿಕ್ಕರ್ ಅಂಟಿಸಿ. ಅದನ್ನು ದಾಟಬೇಡಿ, ಮಕ್ಕಳಿಗೂ ಅದನ್ನೇ ತೋರಿಸಿ.
- ಹೊಸ ಟೋನ್ ಹುಡುಕುವಾಗ, ರೆಸೊನೆನ್ಸ್ ತಿರುಗಿಸುವಾಗ ಸದ್ದು ಇಳಿಸಿಕೊಳ್ಳಿ.
- ವೇದಿಕೆಯಲ್ಲಿ ಒಂದು ಕಿವಿ ತೆರೆದಿಟ್ಟು ನುಡಿಸಬೇಡಿ. ತೆರೆದ ಕಿವಿಯ ಗದ್ದಲ ಮೀರಿಸಲು ಮುಚ್ಚಿದ ಕಿವಿಯ ಸದ್ದು ಏರಿಸುತ್ತೀರಿ.
- ಮುಕ್ಕಾಲು ಗಂಟೆಗೊಮ್ಮೆ ಹೆಡ್‌ಫೋನ್ ತೆಗೆದು ಹತ್ತು ನಿಮಿಷ ಕಿವಿಗೆ ಬಿಡುವು ಕೊಡಿ.

ಅಭ್ಯಾಸದ ನಂತರ ಕಿವಿಯಲ್ಲಿ ಗುಂಯ್ ಎನ್ನುವುದು, ಮಾತು ಹತ್ತಿ ತುರುಕಿದಂತೆ ಕೇಳುವುದು ಎಚ್ಚರಿಕೆಯ ಗಂಟೆ. ಮರುದಿನ ಸರಿಹೋಯಿತೆಂದು ಬಿಡಬೇಡಿ, ಸದ್ದು ಇಳಿಸಿ. ಹೋಗದಿದ್ದರೆ ಕಿವಿ ತಜ್ಞರನ್ನು ಕಾಣಿ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ

ಫೋನಿನ ಹಾಡಿನಲ್ಲಲ್ಲ, ಸಾಧ್ಯವಾದರೆ ಕೀಬೋರ್ಡ್‌ಗೆ ಚುಚ್ಚಿಯೇ ಪರೀಕ್ಷಿಸಿ. ಒಂದು ಸರಳ ಟೋನ್ ಆರಿಸಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಕೀಗಳನ್ನೂ ಒಂದೇ ಒತ್ತಡದಲ್ಲಿ ನುಡಿಸಿ. ಸದ್ದು ನಿಧಾನವಾಗಿ ಬದಲಾದರೆ ಸರಿ, ಯಾವುದೋ ಒಂದೆರಡು ಸ್ವರ ಮಾತ್ರ ಥಟ್ಟನೆ ಎದ್ದರೆ ಅಥವಾ ಮುಳುಗಿದರೆ ಸಂಶಯಪಡಿ. ಪಿಯಾನೋ ಟೋನ್‌ನಲ್ಲಿ ಒಂದು ಕಾರ್ಡ್ ಹಿಡಿದು ಅದು ಪೂರ್ತಿ ಆರುವವರೆಗೆ ಕೇಳಿ.

ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಹಾಕಿ ನೋಡಿ. ಅದರ ಕಾಲು ದಿಂಬನ್ನು ಎತ್ತಿ ಹಿಡಿದರೆ ಸಂದಿಯಲ್ಲಿ ಬಾಸ್ ಸೋರಿಹೋಗುತ್ತದೆ. ಕನಿಷ್ಠ ಹದಿನೈದು ನಿಮಿಷ ತಲೆಯ ಮೇಲಿರಲಿ. ನೆತ್ತಿ ಒತ್ತುವುದು, ಕಿವಿ ಬಿಸಿಯಾಗುವುದು ಮೊದಲ ಎರಡು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ರೆಕ್ಸಿನ್‌ನಂಥ ಹೊದಿಕೆ ನಮ್ಮ ಸೆಕೆಗೆ ಬೆವರಿ, ಕೆಲವು ವರ್ಷಗಳಲ್ಲಿ ಪುಡಿಯುದುರುತ್ತದೆ. ಬದಲಿ ದಿಂಬು ಮತ್ತು ತಂತಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

ಕೊಂಡ ಮೇಲೂ ಒಂದು ಮಾತು ನೆನಪಿರಲಿ. ಹೆಡ್‌ಫೋನಿನಲ್ಲಿ ಎಡಗಿವಿಗೆ ಎಡದ್ದು, ಬಲಗಿವಿಗೆ ಬಲದ್ದು ಮಾತ್ರ ಕೇಳುತ್ತದೆ. ಅನೇಕ ಕಾರ್ಯಕ್ರಮಗಳಲ್ಲಿ ಎರಡನ್ನೂ ಕೂಡಿಸಿ ಮೋನೋ ಮಾಡುತ್ತಾರೆ. ಆಗ ಕೋರಸ್‌ನಂಥ ಪರಿಣಾಮಗಳಲ್ಲಿ ಅಲೆಗಳು ಒಂದನ್ನೊಂದು ಅಳಿಸಿ ಟೋನ್ ತೆಳುವಾಗಬಹುದು. ವೇದಿಕೆಗೆ ಒಯ್ಯುವ ಟೋನನ್ನು ಒಮ್ಮೆ ಸ್ಪೀಕರಿನಲ್ಲಿ, ಮೋನೋದಲ್ಲಿ ಕೇಳಿಯೇ ಉಳಿಸಿಕೊಳ್ಳಿ.

ಒಟ್ಟಿನಲ್ಲಿ, ಡಬ್ಬಿಯ ಮೇಲೆ ನೋಡಬೇಕಾದ್ದು ಮೂರೇ: ತಂತಿ ಇದೆಯೇ, ಮುಚ್ಚಿದ ಬಗೆಯೋ ತೆರೆದದ್ದೋ, ಓಮ್ ಎಷ್ಟು. ಉಳಿದದ್ದನ್ನು ನಿಮ್ಮ ಕಿವಿಯೇ ತೀರ್ಮಾನಿಸಬೇಕು. ಆ ಕಿವಿ ಇನ್ನೂ ಹಲವು ದಶಕ ನುಡಿಸಿದ್ದನ್ನು ಕೇಳಬೇಕಾದರೆ ವಾಲ್ಯೂಮ್ ಗುಂಡಿಯ ಮೇಲೆ ನಿಮ್ಮ ಹಿಡಿತ ಇರಲಿ.